ಲ್ಯಾಬ್ ಸರ್ವರ್‌ನಲ್ಲಿ 62 ಹೊಸ ಅಕೌಂಟ್: ಪಾಸ್‌ವರ್ಡ್ ಸರಿ ಇದ್ರೂ ಒಳಗೆ ಬಿಡ್ತಿಲ್ಲ

ಗಾಜಿನಮನೆ (ದಾವಣಗೆರೆ):
ನಮಸ್ಕಾರ. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್, ಉಬುಂಟು 22.04 (ಲಿನಕ್ಸ್) ಇರೋ ಒಂದೇ ಸರ್ವರ್. ಹುಡುಗರು ಲ್ಯಾಬಿನ ಪಿಸಿಗಳಿಂದ ಎಸ್‌ಎಸ್‌ಎಚ್ (ಬೇರೆ ಪಿಸಿಯಿಂದ ಲಾಗಿನ್ ಆಗೋ ದಾರಿ) ಮಾಡಿ ಬರ್ತಾರೆ. ಆಫೀಸಿನಿಂದ ಬಂದ ಎಕ್ಸೆಲ್ ಪಟ್ಟಿಯನ್ನ ಸಿಎಸ್‌ವಿ ಮಾಡಿ, ಲೂಪ್ ಬರೆದು, ಅಕೌಂಟ್ ಮಾಡೋ ಯೂಸರ್‌ಆಡ್ ಕಮಾಂಡಿಗೆ ಮೈನಸ್ ಎಂ (ಹೋಮ್ ಫೋಲ್ಡರಿಗೆ), ಮೈನಸ್ ಪಿ (ಪಾಸ್‌ವರ್ಡಿಗೆ) ಕೊಟ್ಟು 62 ಅಕೌಂಟ್ ಮಾಡಿದೆ. ಯೂಸರ್ ಹೆಸರು ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ), ಪಾಸ್‌ವರ್ಡ್ ಹುಟ್ಟಿದ ತಾರೀಕು. ಒಂದು ಎರರ್ ಕೂಡ ಬರಲಿಲ್ಲ. ಆದ್ರೆ ಯಾರಿಗೂ ಲಾಗಿನ್ ಆಗ್ತಿಲ್ಲ, ಬರೀ ಪರ್ಮಿಷನ್ ಡಿನೈಡ್.

ಪಾಸಾಗಿ ಹೋದ ಬ್ಯಾಚಿನ 60 ಅಕೌಂಟೂ ಹಾಗೇ ಇವೆ (ಯುಐಡಿ, ಅಂದ್ರೆ ಅಕೌಂಟಿನ ನಂಬರ್, 1061ರಿಂದ 1120). ಅವನ್ನೂ ಈ 62ನ್ನೂ ಒಟ್ಟಿಗೆ ಅಳಿಸಿ ಮೊದಲಿಂದ ಮಾಡಿಬಿಡೋಣ ಅಂತಿದೀನಿ. ಆಗಬಹುದಾ?

ಮಿರ್ಚಿಮಂಡಕ್ಕಿ:
ಏನೂ ಅಳಿಸಬೇಡ್ರಿ, ತಪ್ಪಿರೋದು ಮೈನಸ್ ಪಿ ಒಂದರಲ್ಲೇ. ಅದು ಕೇಳೋದು ಪಾಸ್‌ವರ್ಡ್ ಅಲ್ಲ, ಆಗಲೇ ಹ್ಯಾಶ್ ಮಾಡಿದ (ವಾಪಸ್ ಬಿಡಿಸಲಾಗದ ಹಾಗೆ ಕಲಸಿದ) ಸಾಲು. ನೀವು ಕೊಟ್ಟ ತಾರೀಕನ್ನ ಹಾಗೇ ತಗೊಂಡು ಹ್ಯಾಶ್‌ಗಳನ್ನ ಇಡೋ ಶ್ಯಾಡೋ ಫೈಲಿಗೆ ಬರೆದಿದೆ. ಲಾಗಿನ್ ಆಗುವಾಗ ಹುಡುಗ ಟೈಪ್ ಮಾಡಿದ್ದನ್ನ ಹ್ಯಾಶ್ ಮಾಡಿ ಇದಕ್ಕೆ ಹೋಲಿಸ್ತದೆ, ಯಾವ ಜನ್ಮಕ್ಕೂ ತಾಳೆ ಆಗಲ್ಲ. ಖಾತ್ರಿ ಬೇಕಾದ್ರೆ ಸುಡೊ (ಅಡ್ಮಿನ್ ಅಧಿಕಾರ) ಹಾಕಿ ಗೆಟೆಂಟ್ ಶ್ಯಾಡೋ ಅಂತ ಕೊಟ್ಟು ಒಬ್ಬರ ಹೆಸರು ಕೊಡಿ. ಮೊದಲ ಕೋಲನ್ ಆದ ಮೇಲಿನ ಭಾಗ ಡಾಲರ್-ವೈ-ಡಾಲರ್ (ಯೆಸ್‌ಕ್ರಿಪ್ಟ್, 22.04ರ ರೂಢಿ) ಇಲ್ಲವೇ ಡಾಲರ್-6-ಡಾಲರ್ (ಎಸ್‌ಎಚ್‌ಎ 512) ಅಂತ ಶುರುವಾಗಬೇಕು. ನಿಮ್ಮಲ್ಲಿ ಅಲ್ಲಿ ಹುಟ್ಟಿದ ತಾರೀಕೇ ಕೂತಿರುತ್ತೆ.

ಸರಿ ಮಾಡೋಕೆ ಸಿಎಚ್‌ಪಾಸ್‌ಡಬ್ಲ್ಯೂಡಿ ಕಮಾಂಡ್ ಸಾಕು. ಸಾಲಿಗೊಬ್ಬರಂತೆ ಹೆಸರು, ಕೋಲನ್, ಪಾಸ್‌ವರ್ಡ್ ಇರೋ ಫೈಲನ್ನ ಅದಕ್ಕೆ ಉಣಿಸಿದ್ರೆ ಹ್ಯಾಶ್ ಅದೇ ಮಾಡ್ಕೊಳ್ತದೆ. ಇಲ್ಲೊಂದು ಗುಂಡಿ ಇದೆ: ವಿಂಡೋಸ್‌ನಲ್ಲಿ ಉಳಿಸಿದ ಸಿಎಸ್‌ವಿಯಲ್ಲಿ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಇರುತ್ತೆ. ಅದೂ ಪಾಸ್‌ವರ್ಡಿನ ಕೊನೇ ಅಕ್ಷರವಾಗಿ ಸೇರಿಕೊಂಡ್ರೆ ಮತ್ತೆ ಇದೇ ಗೋಳು. ಮೊದಲು ಅದನ್ನ ತೆಗೆಯೋ ಡಾಸ್‌ಟುಯೂನಿಕ್ಸ್ ಓಡಿಸಿ. ಫೈಲಿನ ಮೋಡ್ 600 (ಒಡೆಯ ಮಾತ್ರ ಓದಿ ಬರೆಯಬಹುದು) ಇರಲಿ, ಕೆಲಸ ಮುಗಿದ ತಕ್ಷಣ ಅಳಿಸಿ.

ಹುಟ್ಟಿದ ತಾರೀಕು ಬೇಡವೇ ಬೇಡ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ಹುಟ್ಟುಹಬ್ಬವೂ ಎಲ್ಲರಿಗೂ ಗೊತ್ತು. ಓಪನ್‌ಎಸ್‌ಎಸ್‌ಎಲ್ ರ‍್ಯಾಂಡ್‌ಗೆ ಹೆಕ್ಸ್ 5 ಅಂತ ಕೊಟ್ರೆ ಊಹಿಸಲಾಗದ 10 ಅಕ್ಷರ ಬರುತ್ತೆ. ಅದರಲ್ಲಿ ಅಂಕಿಗಳು ಮತ್ತು ಎ-ಯಿಂದ ಎಫ್ ಮಾತ್ರ ಇರೋದ್ರಿಂದ ಚೀಟಿ ಬರೆದು ಕೊಟ್ರೂ ಸೊನ್ನೆಯೋ ಓ-ನೋ ಅನ್ನೋ ತಕರಾರು ಇಲ್ಲ. ಆಮೇಲೆ ಒಬ್ಬೊಬ್ಬರಿಗೂ ಚೇಜ್ (ಪಾಸ್‌ವರ್ಡ್, ಅಕೌಂಟಿನ ಅವಧಿ ನೋಡ್ಕೊಳ್ಳೋ ಕಮಾಂಡ್) ಮೈನಸ್ ಡಿ ಸೊನ್ನೆ. ಮೊದಲ ಲಾಗಿನ್‌ನಲ್ಲೇ ಪಾಸ್‌ವರ್ಡ್ ಬದಲಾಯಿಸಲೇಬೇಕಾಗುತ್ತೆ. ಹುಡುಗರಿಗೆ ಮೊದಲೇ ಹೇಳಿ: ಒಳಗೆ ಬಂದ ಮೇಲೆ ಮೊದಲು ಕೇಳೋದು ಚೀಟಿಯ ಪಾಸ್‌ವರ್ಡನ್ನೇ ಇನ್ನೊಂದು ಸಲ, ಹೊಸದನ್ನಲ್ಲ. ಅರ್ಧ ಕ್ಲಾಸು ಅಲ್ಲೇ ಎಡವುತ್ತೆ. ಬದಲಾದ ಮೇಲೆ ಕನೆಕ್ಷನ್ ಮುಚ್ಚಿಕೊಂಡ್ರೆ ಗಾಬರಿ ಬೇಡ, ಹೊಸದರಿಂದ ಮತ್ತೆ ಲಾಗಿನ್ ಆಗಲಿ.

ಲೂಪಿನಲ್ಲಿ ಮೈನಸ್ ಎಸ್ ಕೊಟ್ಟಿರಲಿಲ್ಲ ಅಂದ್ರೆ ಎಲ್ಲರಿಗೂ ಬ್ಯಾಶ್ ಬದಲು ಬರೀ ಎಸ್‌ಎಚ್ ಶೆಲ್ (ಕಮಾಂಡ್ ಓದಿ ನಡೆಸೋ ಪ್ರೋಗ್ರಾಂ) ಸಿಕ್ಕಿರುತ್ತೆ. ಮೇಲಿನ ಬಾಣ ಒತ್ತಿದ್ರೆ ಹಳೇ ಕಮಾಂಡ್ ಬರಲ್ಲ, ಚೌಕ ಕಂಸ ಮತ್ತು ಎ ಮೂಡುತ್ತೆ, ಟ್ಯಾಬ್ ಕೆಲಸ ಮಾಡಲ್ಲ. ಯೂಸರ್‌ಮಾಡ್‌ನಿಂದ ಶೆಲ್ ಬದಲಿಸಿ.

ಏಳುಸುತ್ತು (ಚಿತ್ರದುರ್ಗ):
ಮೇಲಿನವರು ಹೇಳಿದ್ದು ಸರಿ. ಅಳಿಸೋ ವಿಚಾರಕ್ಕೆ ಮಾತ್ರ ಬರ್ತೀನಿ, ನನಗೆ ಹೆಚ್ಚು ಭಯ ಅಲ್ಲೇ.

ಲಿನಕ್ಸಿಗೆ ಹೆಸರು ಗೊತ್ತಿಲ್ಲ, ನಂಬರ್ ಗೊತ್ತು. ಫೈಲಿನ ಮೇಲೆ ಬರೆದಿರೋದು ಯುಐಡಿ. ಅಕೌಂಟ್ ಅಳಿಸೋ ಯೂಸರ್‌ಡೆಲ್ ಮೈನಸ್ ಆರ್ ಹೋಮ್ ಫೋಲ್ಡರನ್ನೂ ಮೇಲ್ ಸ್ಪೂಲನ್ನೂ (ಬಂದ ಮೇಲ್ ಕೂಡಿಡೋ ಫೈಲ್) ತೆಗೆಯುತ್ತೆ, ಅಷ್ಟೇ. ಪ್ರಾಜೆಕ್ಟ್ ಫೋಲ್ಡರಲ್ಲಿ, ವೆಬ್ ಫೋಲ್ಡರಲ್ಲಿ ಬಿದ್ದಿರೋ ಫೈಲ್ 1061 ಅನ್ನೋ ನಂಬರ್ ಹೊತ್ತುಕೊಂಡು ಅಲ್ಲೇ ಉಳಿಯುತ್ತೆ. ಯೂಸರ್‌ಆಡ್ ಹೊಸ ನಂಬರ್ ಕೊಡೋದು ಈಗಿರೋ ಅತಿ ದೊಡ್ಡ ಯುಐಡಿಗೆ ಒಂದು ಕೂಡಿಸಿ. ನೀವು 122ನ್ನೂ ಒಟ್ಟಿಗೆ ಅಳಿಸಿದ್ರೆ ಅತಿ ದೊಡ್ಡದು 1060ಕ್ಕೆ ಇಳಿಯುತ್ತೆ, ಹೊಸ ಹುಡುಗನಿಗೆ ಮತ್ತೆ 1061 ಸಿಗುತ್ತೆ. ಹೋದ ವರ್ಷದವರ ಪ್ರಾಜೆಕ್ಟಿಗೆ ಅವನೇ ಒಡೆಯ!

ಆದ್ದರಿಂದ ಮೊದಲು ಹಳೇ ಬ್ಯಾಚಿನ ಅಕೌಂಟುಗಳ ಅವಧಿ ಮುಗಿಸಿ: ಚೇಜ್ ಮೈನಸ್ ಕ್ಯಾಪಿಟಲ್ ಇ ಸೊನ್ನೆ. ಯೂಸರ್‌ಮಾಡ್ ಮೈನಸ್ ಕ್ಯಾಪಿಟಲ್ ಎಲ್ ಒಂದೇ ಸಾಲದು. ಅದು ಹ್ಯಾಶ್ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಪಾಸ್‌ವರ್ಡನ್ನ ಮಾತ್ರ ಕೆಡಿಸುತ್ತೆ, ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲಿನ ಕೀಲಿ ಫೈಲ್) ಇಟ್ಟುಕೊಂಡವನು ಆರಾಮಾಗಿ ಒಳಗೆ ಬರ್ತಾನೆ. ಅವಧಿ ಮುಗಿದ್ರೆ ಕೀ ಕೂಡ ನಡೆಯಲ್ಲ. ಆದ್ರೆ ಈಗಾಗಲೇ ಒಳಗಿರೋರನ್ನ ಇದು ಹೊರಗೆ ಹಾಕಲ್ಲ, ಅದಕ್ಕೆ ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್.

ಆಮೇಲೆ ಫೈಲ್ ಹುಡುಕೋ ಫೈಂಡ್‌ನಿಂದ ಆ ಯುಐಡಿಗಳ ಫೈಲ್ ಎಲ್ಲೆಲ್ಲಿವೆ ನೋಡಿ, ಬೇಕಾದ್ದನ್ನ ಟಾರ್ ಮಾಡಿಟ್ಟು (ಒಂದೇ ಫೈಲಾಗಿ ಕಟ್ಟಿಟ್ಟು), ಕ್ರಾನ್‌ಟ್ಯಾಬ್ (ಹೊತ್ತಿಗೆ ಸರಿಯಾಗಿ ತಾನೇ ಓಡೋ ಕೆಲಸಗಳ ಪಟ್ಟಿ) ಇದ್ರೆ ತೆಗೆದು, ಒಂದು ಸೆಮಿಸ್ಟರ್ ಕಳೆದ ಮೇಲೆ ಯೂಸರ್‌ಡೆಲ್. ಕೊನೆಗೆ ಫೈಂಡ್ ಮೈನಸ್ ನೋಯೂಸರ್ ಅಂದ್ರೆ ವಾರಸುದಾರರಿಲ್ಲದ್ದು ಎದ್ದು ಕಾಣುತ್ತೆ.

ಮುಂದಿನ ಸಲದಿಂದ ಯುಐಡಿ ನೀವೇ ಕೊಡಿ. 2025ರ ಬ್ಯಾಚಿಗೆ 25001ರಿಂದ, 2026ಕ್ಕೆ 26001ರಿಂದ. ರೂಢಿಯ ಮೇಲ್ಮಿತಿ 60000, ನಿಮ್ಮ ಕಾಲಕ್ಕೆ ಧಾರಾಳ. ಎರಡನೇ ಸರ್ವರ್ ಬಂದು ಹೋಮ್ ಫೋಲ್ಡರನ್ನ ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೂಲಕ) ಹಂಚುವ ದಿನ ಈ ನಂಬರುಗಳು ಎರಡೂ ಕಡೆ ಒಂದೇ ಇರಬೇಕು.

ಮಿರ್ಚಿಮಂಡಕ್ಕಿ:
ಯುಎಸ್‌ಎನ್ ಹೆಸರಿನ ಬಗ್ಗೆ ಮರೆತಿದ್ದೆ. ನಮ್ಮ ಕಡೆ ಅದು 4ರಿಂದ ಶುರು. ಡೆಬಿಯನ್, ಉಬುಂಟುವಿನ ಯೂಸರ್‌ಆಡ್ ಒಪ್ಪಿಕೊಳ್ತದೆ, ಅದೇ ಕೆಲಸದ ಇನ್ನೊಂದು ಕಮಾಂಡ್ ಆಡ್‌ಯೂಸರ್ ಒಪ್ಪಲ್ಲ. ಮುಂದೆ ಒಂದು ಅಕ್ಷರ ಸೇರಿಸಿ, ಎಲ್ಲ ಸಣ್ಣಕ್ಷರ ಮಾಡಿ. ದೊಡ್ಡಕ್ಷರದಲ್ಲಿ ಇಟ್ರೆ ಹುಡುಗರು ಸಣ್ಣಕ್ಷರದಲ್ಲಿ ಟೈಪ್ ಮಾಡಿ ಸರ್ವರ್ ಕೆಟ್ಟಿದೆ ಅಂತಾರೆ.

ಗಾಜಿನಮನೆ (ದಾವಣಗೆರೆ):
ತುಂಬಾ ಉಪಕಾರ ಸಾರ್. ಸಿಎಚ್‌ಪಾಸ್‌ಡಬ್ಲ್ಯೂಡಿ ಹಾಕಿದೆ, 62 ಜನಕ್ಕೂ ಆಯ್ತು. ಪಾಸ್‌ವರ್ಡನ್ನ 90 ದಿನಕ್ಕೊಮ್ಮೆ ಬದಲಾಯಿಸೋ ಹಾಗೆ ಮಾಡಿ ಅಂತ ಕಾಲೇಜಿನಲ್ಲಿ ಹೇಳ್ತಿದಾರೆ, ಮಾಡ್ಲಾ? ಇನ್ನೊಂದು, ತಡವಾಗಿ ಸೇರಿದ ಒಬ್ಬಳಿಗೆ ಅಕೌಂಟ್ ಮಾಡುವಾಗಲೇ ಕರೆಂಟ್ ಹೋಯ್ತು, ಯುಪಿಎಸ್ ಕೈಕೊಡ್ತು. ಈಗ ಯೂಸರ್‌ಆಡ್ ಕೊಟ್ರೆ ಪಾಸ್‌ಡಬ್ಲ್ಯೂಡಿ (ಅಕೌಂಟ್ ಪಟ್ಟಿಯ ಫೈಲ್) ಲಾಕ್ ಮಾಡೋಕೆ ಆಗ್ತಿಲ್ಲ, ಲಾಕ್ ಫೈಲಿನಲ್ಲಿ ಪಿಐಡಿ (ಓಡ್ತಿರೋ ಪ್ರೋಗ್ರಾಮಿನ ನಂಬರ್) ಇಲ್ಲ ಅಂತಿದೆ.

ಏಳುಸುತ್ತು (ಚಿತ್ರದುರ್ಗ):
90 ದಿನ ಬೇಡ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯೇ 2017ರ ಮಾರ್ಗಸೂಚಿಯಲ್ಲಿ ಕಾರಣವಿಲ್ಲದೆ ಅವಧಿಗೊಮ್ಮೆ ಬದಲಾಯಿಸೋಕೆ ಒತ್ತಾಯಿಸಬಾರದು ಅಂತು. ಬಲವಂತ ಮಾಡಿದ್ರೆ ಜನ ಕೊನೇ ಅಂಕಿ ಒಂದನ್ನ ಏರಿಸ್ತಾರೆ, ಅಷ್ಟೇ. ಸೋರಿದೆ ಅನ್ನೋ ಅನುಮಾನ ಬಂದಾಗ ಚೇಜ್ ಮೈನಸ್ ಡಿ ಸೊನ್ನೆ ಇದ್ದೇ ಇದೆ.

ಲಾಕ್ ವಿಷಯ: ಯೂಸರ್‌ಆಡ್ ಕೆಲಸ ಶುರು ಮಾಡುವಾಗ ಇಟಿಸಿ ಫೋಲ್ಡರಿನಲ್ಲಿ ಪಾಸ್‌ಡಬ್ಲ್ಯೂಡಿ, ಶ್ಯಾಡೋ, ಗ್ರೂಪ್, ಜಿಶ್ಯಾಡೋ ಹೆಸರಿಗೆ ಡಾಟ್ ಲಾಕ್ ಸೇರಿಸಿ ಫೈಲ್ ಮಾಡಿ, ಒಳಗೆ ತನ್ನ ಪಿಐಡಿ ಬರೆಯುತ್ತೆ. ಕರೆಂಟ್ ಹೋದಾಗ ಅದು ಸೊನ್ನೆ ಬೈಟ್ ಆಗಿ ಉಳಿದಿದೆ. ಬೇರೆ ಯಾರೂ ಯೂಸರ್‌ಆಡ್, ಪಾಸ್‌ಡಬ್ಲ್ಯೂಡಿ ಕಮಾಂಡ್ ಓಡಿಸ್ತಿಲ್ಲ ಅಂತ ಪಿಎಸ್‌ನಲ್ಲಿ (ಓಡ್ತಿರೋ ಪ್ರೋಗ್ರಾಮುಗಳ ಪಟ್ಟಿ) ನೋಡ್ಕೊಂಡು ಆ ಡಾಟ್ ಲಾಕ್ ಫೈಲುಗಳನ್ನ ಮಾತ್ರ ಅಳಿಸಿ. ಡಾಟ್‌ನಿಂದ ಶುರುವಾಗೋ ಪಿಡಬ್ಲ್ಯೂಡಿ ಡಾಟ್ ಲಾಕ್ ಬೇರೆ, ಅದು ಯಾವಾಗಲೂ ಇರುತ್ತೆ, ಮುಟ್ಟಬೇಡಿ.

ಆಮೇಲೆ ಈ ಫೈಲುಗಳಲ್ಲಿ ತಪ್ಪಿದೆಯಾ ಅಂತ ನೋಡೋ ಪಿಡಬ್ಲ್ಯೂಸಿಕೆ ಮೈನಸ್ ಆರ್, ಜಿಆರ್‌ಪಿಸಿಕೆ ಮೈನಸ್ ಆರ್ ಓಡಿಸಿ. ಎಲ್‌ಪಿ (ಪ್ರಿಂಟರಿನದು) ಥರದ ಸಿಸ್ಟಮ್ ಅಕೌಂಟುಗಳ ಡೈರೆಕ್ಟರಿ ಇಲ್ಲ ಅನ್ನೋ ಸಾಲು ಬಂದೇ ಬರುತ್ತೆ, ಬಿಟ್ಟುಬಿಡಿ. ಆ ಹುಡುಗಿಯ ಹೆಸರು ಪಾಸ್‌ಡಬ್ಲ್ಯೂಡಿಯಲ್ಲಿ ಇದ್ದು ಶ್ಯಾಡೋದಲ್ಲಿ ಇಲ್ಲ ಅಂತ ಬಂದ್ರೆ, ಪಾಸ್‌ಡಬ್ಲ್ಯೂಡಿ ಫೈಲ್ ತಿದ್ದೋ ವಿಐಪಿಡಬ್ಲ್ಯೂನಲ್ಲಿ ಆ ಸಾಲು ತೆಗೆದು ಮತ್ತೆ ಯೂಸರ್‌ಆಡ್ ಮಾಡಿ.