ಶಾಂಘೈನಿಂದ ವಾರಾಂತ್ಯಕ್ಕೆ: ಸುಝೌ, ಹಾಂಗ್‌ಝೌ, ನಾನ್‌ಜಿಂಗ್ ಮೂರೂ ಆಗುತ್ತಾ?

ಶಾಂಘೈ ಹೊಸಬಳು:

ನಮಸ್ಕಾರ. ಶಾಂಘೈನಲ್ಲಿ ಚೀನೀ ಭಾಷೆ ಕಲಿಯುತ್ತಿದ್ದೇನೆ. ಮಾರ್ಚ್ ಕೊನೆಯಲ್ಲಿ ಒಂದು ಶುಕ್ರವಾರ ತರಗತಿ ಇಲ್ಲ. ಭಾನುವಾರ ರಾತ್ರಿಯೊಳಗೆ ಹಾಸ್ಟೆಲಿಗೆ ವಾಪಸ್ ಬರಬೇಕು. ಅಷ್ಟರಲ್ಲಿ ಸುಝೌ, ಹಾಂಗ್‌ಝೌ, ನಾನ್‌ಜಿಂಗ್ ಮೂರನ್ನೂ ನೋಡುವ ಆಸೆ. ರೈಲು ಅಷ್ಟು ವೇಗ ಇದೆಯಲ್ಲ, ಆಗುತ್ತೆ ಅಂತ ಸಹಪಾಠಿಗಳು ಹೇಳುತ್ತಾರೆ. ಒಬ್ಬಳೇ ಹೋಗುವುದು. ಸಸ್ಯಾಹಾರಿ. ರೆಸಿಡೆನ್ಸ್ ಪರ್ಮಿಟ್ ಪಾಸ್‌ಪೋರ್ಟಿಗೆ ಬಂದಾಗಿದೆ. ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಹಾಂಗ್‌ಝೌನಲ್ಲಿ ಓದಿದವನು:

ಮೂರು ಬೇಡ, ಎರಡು ಮಾಡಿ. ಸುಝೌ ಮತ್ತು ಹಾಂಗ್‌ಝೌ. ಮೇಲೆ ಸ್ವರ್ಗ, ಕೆಳಗೆ ಸುಝೌ–ಹಾಂಗ್‌ಝೌ ಅಂತ ಚೀನೀಯರೇ ಹೇಳುತ್ತಾರೆ. ಈ ಊರುಗಳನ್ನು ಓಡಿಕೊಂಡು ನೋಡಿದರೆ ಏನೂ ಸಿಗುವುದಿಲ್ಲ. ಕೂತು ನೋಡಬೇಕು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ಸುಝೌ. ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ಸಂಜೆ ವಾಪಸ್ ಬಂದು ನಿಮ್ಮ ಹಾಸ್ಟೆಲಿನಲ್ಲೇ ಮಲಗಿ. ಶನಿವಾರ ಬೆಳಿಗ್ಗೆ ಶಾಂಘೈನ ಹೊಂಗ್‌ಚಿಯಾವ್ ಸ್ಟೇಷನ್‌ನಿಂದ ಹಾಂಗ್‌ಝೌ, ಒಂದು ಗಂಟೆಯ ದಾರಿ. ಒಂದೇ ರಾತ್ರಿಯ ಹೋಟೆಲ್ ಖರ್ಚು. ಉದ್ಯಾನಗಳಲ್ಲಿ ಶನಿವಾರ, ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೇ ಸುಝೌಗೆ ಶುಕ್ರವಾರ.

ಟಿಕೆಟ್ ತೆಗೆಯುವಾಗ ಸ್ಟೇಷನ್ ಹೆಸರು ನೋಡಿಕೊಳ್ಳಿ. ಸುಝೌ ಸ್ಟೇಷನ್ ಹಳೇ ಊರಿಗೆ ಹತ್ತಿರ. ಸುಝೌ ನಾರ್ತ್ ದೂರ. ಸುಝೌ ಸ್ಟೇಷನ್‌ನಿಂದ ಮೆಟ್ರೋ 4ನೇ ಲೈನ್‌ನಲ್ಲಿ ಮುಂದಿನ ನಿಲ್ದಾಣವೇ ಬೇಸಿತಾ. ಅಲ್ಲಿಂದ ಸುಝೌ ಮ್ಯೂಸಿಯಂಗೆ ನಡೆದೇ ಹೋಗಬಹುದು. 2006ರಲ್ಲಿ ತೆರೆದ ಈ ಕಟ್ಟಡದ ವಿನ್ಯಾಸ ಚೀನೀ ಮೂಲದ ಅಮೆರಿಕನ್ ವಾಸ್ತುಶಿಲ್ಪಿ ಐ. ಎಂ. ಪೇ ಅವರದು. ಹತ್ತಿರದ ಲಯನ್ ಗ್ರೋವ್ ಉದ್ಯಾನ ಒಂದು ಕಾಲದಲ್ಲಿ ಅವರ ಮನೆತನದ್ದಾಗಿತ್ತು. ಮ್ಯೂಸಿಯಂಗೆ ಪ್ರವೇಶ ಉಚಿತ, ಆದರೆ ಮುಂಚೆ ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಬೇಕು. ಸೋಮವಾರ ರಜೆ. ಒಳಗಿನ ಕೊಳದ ಆಚೆ ಬಿಳಿ ಗೋಡೆ, ಅದರ ಮುಂದೆ ಸೀಳಿ ನಿಲ್ಲಿಸಿದ ಕಲ್ಲುಗಳು. ದೂರದಿಂದ ನೋಡಿದರೆ ಮಸಿಯಲ್ಲಿ ಬರೆದ ಬೆಟ್ಟಗಳ ಸಾಲು. ಅಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂರಿ.

ಆ ಗೋಡೆಯ ಆಚೆಯೇ ಹಂಬಲ್ ಅಡ್ಮಿನಿಸ್ಟ್ರೇಟರ್ಸ್ ಗಾರ್ಡನ್. 16ನೇ ಶತಮಾನದ್ದು, 1997ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಕೊಳದ ಪೂರ್ವ ತುದಿಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಮರಗಳ ಮೇಲೆ ಒಂದು ಗೋಪುರ ಕಾಣುತ್ತದೆ. ಅದು ಉದ್ಯಾನದ್ದಲ್ಲ, ನೀವು ಮೆಟ್ರೋ ಇಳಿದ ಕಡೆಯ ಬೇಸಿ ಪಗೋಡಾ. ಊರಿನ ಗೋಪುರವನ್ನೇ ತಮ್ಮ ತೋಟಕ್ಕೆ ಸಾಲ ತಂದುಕೊಂಡಿದ್ದಾರೆ! ಇದನ್ನು ನೋಡಿದ ಮೇಲೆ ಆ ಊರಿನ ತೋಟಗಳನ್ನು ನೋಡುವ ಕಣ್ಣೇ ಬದಲಾಗುತ್ತದೆ. ಜನ ಜಾಸ್ತಿ ಅನಿಸಿದರೆ ಮಾಸ್ಟರ್ ಆಫ್ ನೆಟ್ಸ್ ಉದ್ಯಾನಕ್ಕೆ ಹೋಗಿ. ಚಿಕ್ಕದು, ನನಗೆ ಅದೇ ಹೆಚ್ಚು ಇಷ್ಟ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಒಳಗೆ ಕಟ್ಟಿರುವ ಚೀನೀ ಅಂಗಳಕ್ಕೆ ಮಾದರಿ ಇಲ್ಲಿನದೇ.

ಹಾಂಗ್‌ಝೌ ಈಸ್ಟ್ ಸ್ಟೇಷನ್‌ನಿಂದ ಮೆಟ್ರೋ 1ನೇ ಲೈನ್ ಹಿಡಿದು ಲೊಂಗ್‌ಶಿಯಾಂಗ್‌ಚಿಯಾವ್‌ನಲ್ಲಿ ಇಳಿದರೆ ವೆಸ್ಟ್ ಲೇಕ್ ಪಕ್ಕದಲ್ಲೇ. ಕೆರೆ ನೋಡಲು ಟಿಕೆಟ್ ಇಲ್ಲ. ಸು ಏರಿಯನ್ನು ಈ ತುದಿಯಿಂದ ಆ ತುದಿಗೆ ನಡೆಯಿರಿ. ಸುಮಾರು 2.8 ಕಿ.ಮೀ., ದಾರಿಯಲ್ಲಿ ಆರು ಸೇತುವೆ. 11ನೇ ಶತಮಾನದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಕವಿ ಸು ದೊಂಗ್‌ಪೊ, ಕೆರೆಯ ಹೂಳೆತ್ತಿಸಿ ಅದೇ ಹೂಳಿನಿಂದ ಕಟ್ಟಿಸಿದ ಏರಿ ಇದು. ಮಾರ್ಚ್ ಕೊನೆಗೆ ಎರಡೂ ಕಡೆ ಪೀಚ್ ಹೂವು, ಹಸಿರು ಚಿಗುರಿನ ವಿಲ್ಲೋ. ಬೆಳಕು ಹರಿಯುವಾಗಲೇ ಹೋಗಿ. ಆಮೇಲೆ ಪ್ರವಾಸಿ ಗುಂಪುಗಳು ಬರುತ್ತವೆ.

ಭಾನುವಾರ ಲಿಂಗ್‌ಯಿನ್ ದೇವಾಲಯ. ನಾಲ್ಕನೇ ಶತಮಾನದಲ್ಲಿ ಇದನ್ನು ಕಟ್ಟಿಸಿದ್ದು ಭಾರತದಿಂದ ಬಂದ ಭಿಕ್ಷು ಹುಯಿಲಿ ಎಂದು ಅಲ್ಲಿಯವರು ನಂಬುತ್ತಾರೆ. ಅವನು ಎದುರಿನ ಗುಡ್ಡ ನೋಡಿ, ಇದು ನಮ್ಮ ಕಡೆಯ ಬೆಟ್ಟ, ಇಲ್ಲಿಗೆ ಹಾರಿ ಬಂದಿದೆ ಎಂದನಂತೆ. ಗುಡ್ಡಕ್ಕೆ ಆ ಕಥೆಯ ಹೆಸರೇ ಉಳಿದಿದೆ, ಫೇಲಾಯ್ ಫೆಂಗ್, ಅಂದರೆ ಹಾರಿ ಬಂದ ಶಿಖರ. ಬಂಡೆಗಳಲ್ಲಿ ನೂರಾರು ಬುದ್ಧ ಮೂರ್ತಿಗಳು. ಮನೆಯಿಂದ ದೂರ ಇರುವ ನಮಗೆ ಆ ಕಥೆ ಕೇಳಿದರೆ ಹೃದಯ ತುಂಬುತ್ತದೆ, ಅಲ್ವಾ?

ನಾನ್‌ಜಿಂಗ್ ಕಡೆಯವಳು:

ನಾನ್‌ಜಿಂಗ್ ಬಿಟ್ಟಿದ್ದು ಸರಿ. ನಾನು ಅಲ್ಲೇ ಓದುತ್ತಿರುವುದರಿಂದ ಹೇಳುತ್ತಿದ್ದೇನೆ, ಅದಕ್ಕೆ ಬೇರೆಯೇ ವಾರಾಂತ್ಯ ಇಡಿ. ಶಾಂಘೈನಿಂದ ಸುಮಾರು 300 ಕಿ.ಮೀ. ಚೀನಾ ಗಣರಾಜ್ಯದ ಸ್ಥಾಪಕ ಸುನ್ ಯಾತ್‌ಸೆನ್ ಸಮಾಧಿಗೆ 392 ಮೆಟ್ಟಿಲು ಹತ್ತಬೇಕು, ಮಿಂಗ್ ಕಾಲದ ಕೋಟೆ ಗೋಡೆಯ ಮೇಲೆ ನಡೆಯಬೇಕು. 1937ರಲ್ಲಿ ಜಪಾನ್ ಸೈನ್ಯ ನಡೆಸಿದ ಹತ್ಯಾಕಾಂಡದ ಸ್ಮಾರಕ ನೋಡಿದ ದಿನ ಬೇರೇನೂ ನೋಡಲು ಮನಸ್ಸು ಬರುವುದಿಲ್ಲ.

ಊಟದ ವಿಷಯ. ನಾನೂ ಸಸ್ಯಾಹಾರಿ. ಬರೀ ತರಕಾರಿ ಅಂತ ಕಂಡ ಪಲ್ಯದಲ್ಲೂ ಹಂದಿ ಕೊಬ್ಬೋ ಕೋಳಿ ಸಾರೋ ಇರಬಹುದು. ಮಾಂಸ, ಮೀನು, ಕೊಬ್ಬು, ಸಾರು ಯಾವುದೂ ಬೇಡ ಅಂತ ಫೋನಿನಲ್ಲಿ ಚೀನೀ ಅಕ್ಷರದಲ್ಲಿ ಬರೆದಿಟ್ಟು ತೋರಿಸಿ. ನಿಶ್ಚಿಂತೆಯ ಊಟ ಬೌದ್ಧ ದೇವಾಲಯಗಳಲ್ಲಿ ಸಿಗುತ್ತದೆ. ಸುಝೌನ ಶಿಯುವಾನ್ ದೇವಾಲಯದ ಸಸ್ಯಾಹಾರಿ ನೂಡಲ್ಸ್ ಹೆಸರುವಾಸಿ. ಲಿಂಗ್‌ಯಿನ್‌ನಲ್ಲೂ ಸಿಗುತ್ತದೆ.

ಶಾಂಘೈ ಹೊಸಬಳು:

ಇಬ್ಬರಿಗೂ ತುಂಬಾ ಧನ್ಯವಾದ. ಎರಡೇ ಊರು ಅಂತ ತೀರ್ಮಾನ ಆಯಿತು. ಹಾಂಗ್‌ಝೌನಲ್ಲಿ ಗೆಳತಿಯ ಗೆಳತಿಯೊಬ್ಬಳು ಬಾಡಿಗೆ ಮನೆಯಲ್ಲಿದ್ದಾಳೆ. ಅಲ್ಲಿ ಉಳಿಯಬಹುದಾ?

ಹಾಂಗ್‌ಝೌನಲ್ಲಿ ಓದಿದವನು:

ಉಳಿಯಬಹುದು. ಆದರೆ ವಿದೇಶಿಯರು ಯಾರದಾದರೂ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಾಯಿಸಬೇಕು. ಹೋಟೆಲಾದರೆ ಅವರೇ ಮಾಡುತ್ತಾರೆ. ಒಂದು ರಾತ್ರಿಗೆ ಹೋಟೆಲೇ ಸಲೀಸು. ಸಣ್ಣ ಹೋಟೆಲಾದರೆ ವಿದೇಶಿ ಪಾಸ್‌ಪೋರ್ಟ್ ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಕೇಳಿ. ಮೂಲ ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ. ರೈಲು ಟಿಕೆಟ್ ಕಾಗದದಲ್ಲಿ ಬರುವುದಿಲ್ಲ, ಪಾಸ್‌ಪೋರ್ಟೇ ಟಿಕೆಟ್. ಗೇಟಿನ ಯಂತ್ರ ಅದನ್ನು ಓದದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ಇರುವ ದಾರಿಯಲ್ಲಿ ಹೋಗಿ. ವಿದ್ಯಾರ್ಥಿ ಕಾರ್ಡೂ ಇರಲಿ, ಎಷ್ಟೋ ಕಡೆ ಪ್ರವೇಶ ದರ ಅರ್ಧ ಆಗುತ್ತದೆ. ಊರು ಬಿಡುವಾಗ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ಕಚೇರಿಗೆ ತಿಳಿಸಬೇಕಾ ಅಂತಲೂ ವಿಚಾರಿಸಿ.

ಟಿಕೆಟ್ 15 ದಿನ ಮೊದಲು ಬಿಡುತ್ತಾರೆ. ಭಾನುವಾರ ಸಂಜೆ ವಾಪಸ್ ಬರುವ ರೈಲನ್ನು ಮೊದಲು ತೆಗೆಯಿರಿ, ಬೇಗ ಖಾಲಿಯಾಗುವುದು ಅದೇ.