ಮನೆ ಮುಂದೆ ಲಾರಿ, ಬಸ್ಸು, ಟ್ಯಾಂಕರ್: ಇನ್‌ಸ್ಪೆಕ್ಟರ್ ಸರ್ ಅವರನ್ನು ಕೇಳಿ

ಅಡ್ಮಿನ್: ಬೆಂಗಳೂರಿನ ಎಲ್ಲ ಲೇಔಟುಗಳ ಹಾಗೆ ನಮ್ಮಲ್ಲೂ ರಸ್ತೆಯಲ್ಲಿ ದೊಡ್ಡ ಗಾಡಿ ನಿಲ್ಲಿಸುವ ವಿಷಯಕ್ಕೆ ದಿನಾ ಜಗಳ. ಟ್ರಾಫಿಕ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ 7ನೇ ಕ್ರಾಸಿನ ಸರ್ ಇವತ್ತು ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಬೇಡ.

ಮೂಲೆಮನೆ: ನಮಸ್ಕಾರ ಸರ್. ಒಂದು ಸ್ಲೀಪರ್ ಬಸ್ಸು ಬೆಳಿಗ್ಗೆ 7ಕ್ಕೆ ನಮ್ಮ ಗೇಟಿಗೆ ಅಡ್ಡ ನಿಂತರೆ ರಾತ್ರಿ 8ಕ್ಕೇ ಹೊರಡೋದು. ಮನೆಗಳಿರುವ ರಸ್ತೆಯಲ್ಲಿ ದೊಡ್ಡ ಗಾಡಿ ನಿಲ್ಲಿಸಬಾರದು ಅಂತ ಕಾನೂನೇ ಇದೆ ಅಲ್ವಾ?

ಇನ್‌ಸ್ಪೆಕ್ಟರ್ ಸರ್: ನಮಸ್ಕಾರ. ದೊಡ್ಡ ಗಾಡಿ ಅನ್ನುವ ಒಂದೇ ಕಾರಣಕ್ಕೆ ತಪ್ಪಾಗುವುದಿಲ್ಲ. ಎಲ್ಲಿ, ಹೇಗೆ ನಿಂತಿದೆ ಅನ್ನೋದು ಮುಖ್ಯ. 2017ರ ಚಾಲನಾ ನಿಯಮಗಳಲ್ಲಿ ಗೇಟಿಗೆ ಅಡ್ಡ, ಫುಟ್‌ಪಾತ್ ಮೇಲೆ, ತಿರುವಿನಲ್ಲಿ, ಬಸ್ ಸ್ಟಾಪ್ ಹತ್ತಿರ ನಿಲ್ಲಿಸಬಾರದು ಅಂತ ಇದೆ. ನಿಮ್ಮದು ಗೇಟಿಗೆ ಅಡ್ಡ, ಅಷ್ಟೇ ಸಾಕು. ಜೊತೆಗೆ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಇದೆ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಯಾರೂ ಇಲ್ಲದೆ ಬಿಟ್ಟ ಗಾಡಿಯನ್ನು ಯೂನಿಫಾರ್ಮಿನಲ್ಲಿರುವ ಪೊಲೀಸ್ ಅಧಿಕಾರಿ ಎತ್ತಿಸಬಹುದು, ಚಕ್ರಕ್ಕೆ ಲಾಕ್ ಹಾಕಿಸಬಹುದು. ಬೆಳಿಗ್ಗೆ ಒಂದು ಫೋಟೋ, ಸಂಜೆ ಒಂದು ಫೋಟೋ ತೆಗೆಯಿರಿ. ಎರಡರಲ್ಲೂ ನಂಬರ್ ಪ್ಲೇಟೂ ಗೇಟೂ ಕಾಣಬೇಕು. ಟ್ರಾಫಿಕ್ ಸ್ಟೇಷನ್ನಿಗೆ ಕೊಡಿ.

ಬೇಕರಿ ಪಕ್ಕದ ಮನೆ: ಸರ್ ಇದು ಬಂದಿದೆ. "30 ಅಡಿಗಿಂತ ಚಿಕ್ಕ ರಸ್ತೆಯಲ್ಲಿ ಲಾರಿ ನಿಲ್ಲಿಸಿದರೆ ಮನೆಯವರೇ ಟೈರಿನ ಗಾಳಿ ತೆಗೆಯಬಹುದು, ಸುಪ್ರೀಂ ಕೋರ್ಟ್ ಆದೇಶ, ಎಲ್ಲರಿಗೂ ಶೇರ್ ಮಾಡಿ." ನಿಜಾನಾ?

ಇನ್‌ಸ್ಪೆಕ್ಟರ್ ಸರ್: ಸುಳ್ಳು. ಗಾಳಿ ತೆಗೆದರೆ ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ನಿನಲ್ಲಿ ನಿಮ್ಮ ಮೇಲೇ ಕೇಸು ಬೀಳುತ್ತದೆ.

2ನೇ ಕ್ರಾಸ್: ಸರ್, ನಮ್ಮ ಮನೆ ಮುಂದೆ ಲಾರಿ ನಿಲ್ಲಿಸುತ್ತಾರೆ. ಏನು ಮಾಡಬೇಕು?

ಇನ್‌ಸ್ಪೆಕ್ಟರ್ ಸರ್: ಮೇಲೆ ಇದೆ, ಓದಿ.

ಪಾರ್ಕ್ ಎದುರು: ಸರ್, ಪಕ್ಕದ ಖಾಲಿ ಸೈಟಿನಲ್ಲಿ ಬೋರ್‌ವೆಲ್ ಲಾರಿ ನಿಲ್ಲಿಸಿದ್ದಾರೆ. ಆಯಿಲ್ ಸೋರಿ ನಮ್ಮ ಕಾಂಪೌಂಡಿನವರೆಗೂ ಬಂದಿದೆ. ಸೈಟಿನ ಮಾಲೀಕರು ಫೋನೇ ಎತ್ತುವುದಿಲ್ಲ. ಯಾರಿಗೆ ದೂರು ಕೊಡೋದು?

5ನೇ ಕ್ರಾಸ್: ಸರ್, ನಮ್ಮ ಬೀದಿಯ ತುದಿಯಲ್ಲಿ ರಾತ್ರಿ ಹೊತ್ತು ಒಂದು ಟ್ಯಾಂಕರ್ ನಿಲ್ಲುತ್ತದೆ. ಹಿಂದೆ ಬೋರ್ಡಿನಲ್ಲಿ 1203 ಅಂತ ಬರೆದಿದೆ. ಡ್ರೈವರ್ ಪಕ್ಕದ ಬೀದಿಯವನು, ಖಾಲಿ ಇದೆ ಅಕ್ಕ, ಏನೂ ಆಗಲ್ಲ ಅಂದ. ಹತ್ತು ಹೆಜ್ಜೆ ಆಚೆ ಇಸ್ತ್ರಿ ಗಾಡಿ ಇದೆ. ನಾನೇ ಸುಮ್ನೆ ಹೆದರಿಕೊಂಡಿದ್ದೀನಾ?

ಇನ್‌ಸ್ಪೆಕ್ಟರ್ ಸರ್: ಇಲ್ಲಮ್ಮ, ಹೆದರಲೇಬೇಕು. ಉಳಿದವರು ಸ್ವಲ್ಪ ತಡೆಯಿರಿ. 1203 ಅಂದರೆ ಪೆಟ್ರೋಲ್. ಡೀಸೆಲ್‌ಗೆ 1202, ಅಡುಗೆ ಅನಿಲಕ್ಕೆ 1075. ಖಾಲಿ ಅನ್ನುವ ಮಾತನ್ನು ನಂಬಬೇಡಿ. ಪೆಟ್ರೋಲ್ ಇಳಿಸಿದ ಮೇಲೂ ಟ್ಯಾಂಕಿನಲ್ಲಿ ಆವಿ ಉಳಿದಿರುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಮ್ಮಿ, ಖಾಲಿಯಾದದ್ದರಲ್ಲಿ ಗಾಳಿಯೂ ಆವಿಯೂ ಬೆರೆತಿರುತ್ತವೆ, ಅದಕ್ಕೆ ಒಂದು ಕಿಡಿ ಸಾಕು. ಆ ಆವಿ ಗಾಳಿಗಿಂತ ಭಾರ. ಹೊರಗೆ ಬಂದರೆ ಮೇಲೆ ಹೋಗದೆ ನೆಲದ ಮೇಲೇ ಹರಿದು ಚರಂಡಿಗೆ, ಮನೆ ಮುಂದಿನ ನೀರಿನ ಸಂಪಿನೊಳಕ್ಕೆ ಇಳಿಯುತ್ತದೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಇರುವುದು ಕೆಂಡ ಅಲ್ವಾ? ಪೆಟ್ರೋಲಿಯಂ ನಿಯಮಗಳ ಪ್ರಕಾರ ಇಂಥ ಗಾಡಿಯನ್ನು ಜನ ತುಂಬಿದ ಜಾಗದಲ್ಲಿ ಅಥವಾ ಬೆಂಕಿ ಇರುವ ಕಡೆಯಿಂದ 9 ಮೀಟರಿನೊಳಗೆ ನಿಲ್ಲಿಸುವ ಹಾಗೇ ಇಲ್ಲ. ಇವತ್ತೇ 112ಕ್ಕೆ ಫೋನ್ ಮಾಡಿ. "ಗಾಡಿ ಅಡ್ಡ ನಿಂತಿದೆ" ಅನ್ನಬೇಡಿ, "ಮನೆಗಳ ಮಧ್ಯೆ ಪೆಟ್ರೋಲ್ ಟ್ಯಾಂಕರ್" ಅನ್ನಿ. ಅದೇ ಬೋರ್ಡಿನಲ್ಲಿ ತುರ್ತು ಫೋನ್ ನಂಬರ್ ಇರಬೇಕು, ಅದಕ್ಕೂ ಮಾಡಿ. ಕಂಪನಿಗೆ ದೂರು ಹೋದರೆ ಟ್ಯಾಂಕರ್ ಮಾಲೀಕನಿಗೆ ಬೇಗ ಬಿಸಿ ಮುಟ್ಟುತ್ತದೆ. ವಾಸನೆ ಬಂದರೆ ಅಲ್ಲಿ ನಿಂತು ಜಗಳ ಆಡಬೇಡಿ, ಬೀಡಿ ಸಿಗರೇಟು ಹಚ್ಚಲು ಬಿಡಬೇಡಿ, ಮನೆಯವರನ್ನು ಕರೆದುಕೊಂಡು ದೂರ ಹೋಗಿ ಅಗ್ನಿಶಾಮಕದವರನ್ನು ಕರೆಯಿರಿ.

ಬೇಕರಿ ಪಕ್ಕದ ಮನೆ: ಟ್ಯಾಂಕರ್ ಸುತ್ತ ಒದ್ದೆ ಗೋಣಿಚೀಲ ಹಾಕಿದರೆ ಆವಿ ಬರಲ್ಲ ಅಂತ ಒಂದು ವಿಡಿಯೋ ಇದೆ, ಹಾಕಲಾ?

ಇನ್‌ಸ್ಪೆಕ್ಟರ್ ಸರ್: ಬೇಡ. ಆ ವಿಡಿಯೋ ನೋಡಿ ಯಾರಾದರೂ ಗೋಣಿಚೀಲ ಹಿಡಿದು ಟ್ಯಾಂಕರ್ ಹತ್ತಿರ ಹೋದರೆ ನೀವು ಜವಾಬ್ದಾರಿ ತಗೋತೀರಾ?

ಟಿಟಿ ಮಾಲೀಕ: ಎಲ್ಲರೂ ಡ್ರೈವರ್‌ಗಳನ್ನೇ ಬೈತಿದ್ದೀರಿ. ನನ್ನದು ಒಂದು ಟಿಟಿ (ಟೆಂಪೋ ಟ್ರಾವೆಲರ್), ಇಎಂಐ ಇದೆ. ಯಶವಂತಪುರದ ಟ್ರಕ್ ಟರ್ಮಿನಲ್‌ನಲ್ಲಿ ಬಿಟ್ಟು ಮಧ್ಯರಾತ್ರಿ ಮನೆಗೆ ನಡೆದು ಬರಲಾ?

ಬೇಕರಿ ಪಕ್ಕದ ಮನೆ: ಜಾಗ ಇಲ್ಲದವರು ಟಿಟಿ ಯಾಕೆ ತಗೋಬೇಕು? ನಿಮ್ಮ ಗಾಡಿ ಹಿಂದಿನಿಂದ ಸ್ಕೂಲ್ ಮಕ್ಕಳು ದಾಟಿದರೆ ಎದುರಿಗೆ ಬರುವವರಿಗೆ ಕಾಣುವುದೇ ಇಲ್ಲ.

ಟಿಟಿ ಮಾಲೀಕ: ನಿಮ್ಮ ಪ್ಲಾನಿನಲ್ಲಿ ಕಾರಿಗೆ ಅಂತ ತೋರಿಸಿದ ಜಾಗದಲ್ಲಿ ಜೆರಾಕ್ಸ್ ಅಂಗಡಿಗೆ ಬಾಡಿಗೆ ಕೊಟ್ಟಿದ್ದೀರಿ. ಎರಡು ಕಾರು ರಸ್ತೆಯಲ್ಲಿ, ಸಾಲದ್ದಕ್ಕೆ ಹೂಕುಂಡ, ಚೈನು, "ನೋ ಪಾರ್ಕಿಂಗ್" ಬೋರ್ಡು. ಮೊದಲು ಅದಕ್ಕೆ ಉತ್ತರ ಕೊಡಿ ಮೇಡಂ.

ಬೇಕರಿ ಪಕ್ಕದ ಮನೆ: ನಮ್ಮ ಮನೆ ಮುಂದೆ ನಮ್ಮ ಇಷ್ಟ. ಟ್ಯಾಕ್ಸ್ ಕಟ್ಟುತ್ತೇವೆ.

ಟಿಟಿ ಮಾಲೀಕ: ರೋಡ್ ಟ್ಯಾಕ್ಸ್ ನಾನೂ ಕಟ್ಟುತ್ತೇನೆ, ನಿಮಗಿಂತ ಜಾಸ್ತಿ.

ಅಡ್ಮಿನ್: ಸಾಕು, ಇಬ್ಬರೂ ನಿಲ್ಲಿಸಿ.

ಇನ್‌ಸ್ಪೆಕ್ಟರ್ ಸರ್: ರಸ್ತೆ ಯಾರ ಖಾತೆಯಲ್ಲೂ ಇಲ್ಲ. ಕುಂಡ, ಚೈನು ಇಟ್ಟು ದಾರಿಗೆ ಅಡ್ಡಿ ಮಾಡಿದರೆ ನ್ಯಾಯ ಸಂಹಿತೆ 285ರಲ್ಲಿ 5000 ರೂಪಾಯಿವರೆಗೆ ದಂಡ ಇದೆ. ನೀವೇ ಬರೆಸಿದ ಬೋರ್ಡಿಗೆ ಕಾನೂನಿನ ಬೆಲೆ ಇಲ್ಲ. ಟಿಟಿಯವರೇ, ತಿರುವಿನಿಂದ ಗಾಡಿ ತೆಗೆಯಿರಿ, ಮಕ್ಕಳ ವಿಷಯದಲ್ಲಿ ಅವರು ಹೇಳಿದ್ದು ಸರಿ. 2021ರಲ್ಲಿ ಸರ್ಕಾರ ಪಾರ್ಕಿಂಗ್ ನೀತಿಗೆ ಒಪ್ಪಿಗೆ ಕೊಟ್ಟಿತು, ಮನೆ ಮುಂದೆ ನಿಲ್ಲಿಸೋಕೂ ವರ್ಷಕ್ಕೆ ಇಷ್ಟು ಅಂತ ಪರ್ಮಿಟ್ ಶುಲ್ಕ ಅದರಲ್ಲಿತ್ತು. ಅದನ್ನು ನೆಟ್ಟಗೆ ಜಾರಿಗೆ ತಂದಿದ್ದರೆ ನೀವಿಬ್ಬರೂ ದುಡ್ಡು ಕಟ್ಟಿ ಸುಮ್ಮನಾಗುತ್ತಿದ್ದಿರಿ.

9ನೇ ಕ್ರಾಸ್: ಹಾಗಾದರೆ ಸರಿಯಾದ ಬೋರ್ಡು ಹಾಕಿಸೋದು ಹೇಗೆ ಸರ್?

ಇನ್‌ಸ್ಪೆಕ್ಟರ್ ಸರ್: ಸಂಘದ ಲೆಟರ್‌ಹೆಡ್‌ನಲ್ಲಿ, ರಸ್ತೆಯ ಅಗಲ ಬರೆದು, ಟ್ರಾಫಿಕ್ ಪೊಲೀಸರಿಗೆ ಅರ್ಜಿ ಕೊಡಿ. ಅವರ ಕಡೆಯಿಂದ ಆದೇಶ ಆದ ಮೇಲೆ ಬೋರ್ಡು.

4ನೇ ಕ್ರಾಸ್: ಗಾಳಿ ತೆಗೆಯಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದೆಯಂತಲ್ಲ ಸರ್?

ಇನ್‌ಸ್ಪೆಕ್ಟರ್ ಸರ್: ರೀ, ಇದೇ ಗ್ರೂಪಿನಲ್ಲಿ ಈಗಷ್ಟೇ ಸುಳ್ಳು ಅಂದೆ. ಬರೆಯೋದು ಯಾರಿಗೆ ನಾನು?

5ನೇ ಕ್ರಾಸ್: ಸರ್, 112ಕ್ಕೆ ಮಾಡಿದೆ, ಹೊಯ್ಸಳ (ಪೊಲೀಸ್ ಗಸ್ತು ಗಾಡಿ) ಕಳಿಸ್ತೀವಿ ಅಂದರು. ಟ್ಯಾಂಕರ್ ಮಾಲೀಕರು ನಮ್ಮ ಗ್ರೂಪಿನಲ್ಲೇ ಇದ್ದಾರಂತೆ, ನನ್ನ ಹೆಸರು ಗೊತ್ತಾದರೆ?

ಇನ್‌ಸ್ಪೆಕ್ಟರ್ ಸರ್: ಇದ್ದರೆ ಓದಲಿ. ಪೊಲೀಸರು ಬರುವ ಮೊದಲು ಅವರೇ ತೆಗೆಸಿದರೆ ಅವರಿಗೇ ಒಳ್ಳೆಯದು. ಹೊಯ್ಸಳ ಬಂದಾಗ ನನಗೆ ಫೋನ್ ಮಾಡಿ, ನಾನೂ ಬರುತ್ತೇನೆ.

ಪಾರ್ಕ್ ಎದುರು: ಬೋರ್‌ವೆಲ್ ಲಾರಿ ಬಗ್ಗೆ ಕೇಳಿದ್ದೆ ಸರ್.

ಬೇಕರಿ ಪಕ್ಕದ ಮನೆ: ಜೆರಾಕ್ಸ್ ಅಂಗಡಿಗೆ ಲೈಸೆನ್ಸ್ ಇದೆ, ಬೇಕಾದರೆ ಫೋಟೋ ಹಾಕುತ್ತೇನೆ.