‘ಲೀಸ್ ಎಕ್ಸ್‌ಟೆನ್ಷನ್’ ಎಂಬುದಕ್ಕೆ ಯಾವ ಪದ: ಗುತ್ತಿಗೆ, ಭೋಗ್ಯ, ಗೇಣಿ?

ಮಾನ್ಯರೇ,

ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಂಡಿರುವ ಕನ್ನಡಿಗರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಫ್ಲ್ಯಾಟಿನ ಲೀಸ್ ಅವಧಿಯನ್ನು ಹೆಚ್ಚಿಸಿಕೊಳ್ಳುವುದು ಹೇಗೆ ಎಂಬುದು ಅದರ ವಿಷಯ. ಮುಖ್ಯ ಪದಕ್ಕೇ ಒಪ್ಪುವ ಕನ್ನಡ ಸಿಕ್ಕಿಲ್ಲ. ನಿಮ್ಮ ಸಲಹೆ ಬೇಕು.

ಮೊದಲು ಸಂಗತಿ. ಅಲ್ಲಿ ಫ್ಲ್ಯಾಟ್ ಕೊಂಡವರು ಸಾಮಾನ್ಯವಾಗಿ ಕೊಳ್ಳುವುದು 99 ಅಥವಾ 125 ವರ್ಷಗಳಂತಹ ಒಂದು ಅವಧಿಯ ಹಕ್ಕನ್ನು. ನೆಲ, ಕಟ್ಟಡ ಇನ್ನೊಬ್ಬರದು. ಈ ಹಕ್ಕನ್ನು ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು, ಅದರ ಮೇಲೆ ಸಾಲ ಪಡೆಯಬಹುದು. ಆದರೆ ವರ್ಷ ಕಳೆದಂತೆಲ್ಲ ಅದು ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ಹಾಗಾಗಿ 1993ರ ಕಾಯ್ದೆ ಫ್ಲ್ಯಾಟಿನವರಿಗೆ ಒಂದು ಹಕ್ಕು ಕೊಟ್ಟಿತು: ನೆಲದೊಡೆಯನಿಗೆ ಬೆಲೆ ತೆತ್ತು, ಉಳಿದಿರುವ ಅವಧಿಗೆ 90 ವರ್ಷ ಸೇರಿಸಿಕೊಳ್ಳಬಹುದು. 82 ವರ್ಷ ಉಳಿದಿದ್ದರೆ ಅದು 172 ಆಗುತ್ತದೆ. ಇದಕ್ಕೆ ಎರಡು ವರ್ಷ ಮಾಲೀಕರಾಗಿರಬೇಕೆಂಬ ನಿಯಮ 2025ರ ಜನವರಿ 31ರಂದು ರದ್ದಾಯಿತು.

ಈಗ ಪದದ ತೊಡಕು. ಬೆಂಗಳೂರಿನಲ್ಲಿ ‘ಲೀಸ್’ ಎಂದರೆ ಇಡಿಗಂಟಾಗಿ ಹಣ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಆ ಹಣವನ್ನು ವಾಪಸು ಪಡೆಯುವುದು. ಅದಕ್ಕೆ ‘ಭೋಗ್ಯ’ ಎಂಬ ಸೊಗಸಾದ ಪದ ಇದ್ದೇ ಇದೆ. ಮನೆಗಳ ಮುಂದಿನ ಫಲಕಗಳಲ್ಲೂ ಕಾಣುತ್ತದೆ. ಇಂಗ್ಲೆಂಡಿನ ಲೀಸಿಗೆ ಈ ಪದ ಬಳಸಿದರೆ ಓದುಗರಿಗೆ ಅನ್ಯಾಯವಾಗುತ್ತದೆ. ಭೋಗ್ಯದಲ್ಲಿ ಹಣ ಮರಳುತ್ತದೆ, ಇಲ್ಲಿ ಮರಳುವುದಿಲ್ಲ. ಊರಿನಲ್ಲಿರುವ ತಂದೆತಾಯಿಯ ಉಳಿತಾಯವೂ ಇಂತಹ ಫ್ಲ್ಯಾಟಿಗೆ ಹೋಗಿರುವಾಗ ಈ ವ್ಯತ್ಯಾಸ ಅವರಿಗೆ ಸ್ಪಷ್ಟವಾಗಿ ತಿಳಿಯಲೇಬೇಕು.

‘ಗುತ್ತಿಗೆ’ ಸರ್ಕಾರಿ ಕಾಗದಪತ್ರಗಳಲ್ಲಿ ಬಳಕೆಯಲ್ಲಿದೆ, ಗಣಿ ಗುತ್ತಿಗೆ ಎನ್ನುತ್ತೇವೆ. ಆದರೆ ಗುತ್ತಿಗೆದಾರ ಎಂದೊಡನೆ ರಸ್ತೆ ಕಾಮಗಾರಿಯವರು ನೆನಪಾಗುತ್ತಾರೆಯೇ ಹೊರತು ಮನೆಯಲ್ಲಿ ವಾಸಿಸುವವರಲ್ಲ. ಫ್ಲ್ಯಾಟಿನವರನ್ನು ಕೈಪಿಡಿಯ ಉದ್ದಕ್ಕೂ ಗುತ್ತಿಗೆದಾರರು ಎಂದು ಕರೆಯಲು ನನಗೆ ಮನಸ್ಸಿಲ್ಲ.

ನನಗೆ ಹೆಚ್ಚು ಹಿಡಿಸಿರುವುದು ದಕ್ಷಿಣ ಕನ್ನಡದ ಪದಗಳು. ಮೂಲಗೇಣಿ ಎಂದರೆ ಶಾಶ್ವತವಾದದ್ದು, ಚಾಲಗೇಣಿ ಎಂದರೆ ಒಡೆಯನ ಇಚ್ಛೆಯ ಮೇಲೆ ನಿಂತದ್ದು, ವಾಯಿದೆಗೇಣಿ ಎಂದರೆ ಗೊತ್ತುಪಡಿಸಿದ ಅವಧಿಯದ್ದು. ಇಷ್ಟು ಸೂಕ್ಷ್ಮವಾದ ವಿಂಗಡಣೆ ಕನ್ನಡದಲ್ಲೇ ಇರುವಾಗ ಬೇರೆ ಪದ ಕಟ್ಟುವ ಅಗತ್ಯವೇನು? ಮೂಲಗೇಣಿ, ಒಳಮೂಲಗೇಣಿ ಎಂಬ ಹೆಸರುಗಳು 2011ರ ಕರ್ನಾಟಕ ಕಾಯ್ದೆಯ ಶೀರ್ಷಿಕೆಯಲ್ಲಿಯೇ ಇವೆ. ಇಂಗ್ಲೆಂಡಿನ ಲೀಸಿಗೆ ವಾಯಿದೆಗೇಣಿ, ಅವಧಿ ಹೆಚ್ಚಿಸುವುದಕ್ಕೆ ವಾಯಿದೆ ವಿಸ್ತರಣೆ ಎಂದರೆ ಅರ್ಥ ನೇರವಾಗಿ ಬರುತ್ತದೆ. ‘ನವೀಕರಣ’ ಬೇಡವೆಂದು ನನ್ನ ಅಭಿಪ್ರಾಯ. ಪರವಾನಗಿಯಂತೆ ಮುಗಿಯುವ ಹೊತ್ತಿಗೆ ಮಾಡಿಸಿದರಾಯಿತು ಎಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ.

ಆ ಭಾವನೆ ದುಬಾರಿಯಾದದ್ದು. ಉಳಿದ ಅವಧಿ 80 ವರ್ಷ ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ವಿಸ್ತರಣೆಯಿಂದ ಹೆಚ್ಚುವ ಒಟ್ಟು ಬೆಲೆಯಲ್ಲಿ ಅರ್ಧವನ್ನು ನೆಲದೊಡೆಯನಿಗೆ ಕೊಡಬೇಕು. ಲೆಕ್ಕಕ್ಕೆ ಹಿಡಿಯುವುದು ವಿಸ್ತರಣೆ ಕೋರಿ 1993ರ ಕಾಯ್ದೆಯ 42ನೇ ಕಲಮಿನಡಿ ನೆಲದೊಡೆಯನಿಗೆ ನೋಟಿಸು ಕೊಟ್ಟ ದಿನವನ್ನು. ಈ ಅರ್ಧ ಪಾಲಿನ ನಿಯಮವನ್ನು ತೆಗೆದುಹಾಕಿ, 90ರ ಬದಲು 990 ವರ್ಷ ಕೊಡಬೇಕೆಂದು 2024ರ ಕಾಯ್ದೆ ಹೇಳುತ್ತದೆ. ಆದರೆ ಕಾಯ್ದೆ ಅಂಗೀಕಾರವಾದೊಡನೆ ಆ ಭಾಗ ಜಾರಿಗೆ ಬರಲಿಲ್ಲ. ಈ ಹೆಚ್ಚುವ ಬೆಲೆಗೆ ಇಂಗ್ಲಿಷಿನಲ್ಲಿ ‘ಮ್ಯಾರೇಜ್ ವ್ಯಾಲ್ಯೂ’ ಎನ್ನುತ್ತಾರೆ. ನೆಲದೊಡೆಯನ ಹಕ್ಕು, ಮನೆಯವರ ಹಕ್ಕು ಎರಡೂ ಕೂಡಿದಾಗ ಬರುವ ಬೆಲೆ ಎಂದು ಅರ್ಥ. ‘ಕೂಡುಬೆಲೆ’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಕೊಡಿ.

ವಿಸ್ತರಣೆಯ ನಂತರ ನೆಲಬಾಡಿಗೆ, ಅಂದರೆ ನೆಲದೊಡೆಯನಿಗೆ ಕೊಡುವ ‘ಗ್ರೌಂಡ್ ರೆಂಟ್’, ಇಲ್ಲವಾಗುತ್ತದೆ. ಅದನ್ನು ಅಲ್ಲಿ ‘ಪೆಪ್ಪರ್‌ಕಾರ್ನ್’ ಎನ್ನುತ್ತಾರೆ, ಒಂದು ಮೆಣಸಿನ ಕಾಳಿನಷ್ಟು ಎಂದು. ಕಪ್ಪು ಚಿನ್ನವೆಂದು ಮೆಣಸನ್ನು ಕಾಪಾಡುವ ಶಿರಸಿ, ಸಿದ್ದಾಪುರದ ಕಡೆಯವರಿಗೆ ಅದು ಏನೂ ಅಲ್ಲದ ವಸ್ತುವಾಗಿ ಕಾಣುವುದು ಕಷ್ಟ. ‘ಬಿಡಿಗಾಸಿನ ನೆಲಬಾಡಿಗೆ’ ಸಾಕೆನಿಸುತ್ತದೆ. ‘ನೆಲಗಂದಾಯ’ ಎಂದರೆ ಸರ್ಕಾರಕ್ಕೆ ಕಟ್ಟುವುದೆಂದು ಆಗುತ್ತದೆ, ಅದನ್ನು ಬಿಟ್ಟಿದ್ದೇನೆ.

ಮುಖ್ಯ ಪ್ರಶ್ನೆ ಇಷ್ಟು. 1974ರ ಭೂಸುಧಾರಣೆಯ ನಂತರ ‘ಗೇಣಿ’ ಎಂದರೆ ಗದ್ದೆ, ಅಕ್ಕಿಮುಡಿ, ಒಕ್ಕಲು ಇವೇ ನೆನಪಾಗುತ್ತವೆಯೇ? ಮೈಸೂರು, ಧಾರವಾಡ, ಕಲಬುರಗಿ ಕಡೆಯ ಓದುಗರು ‘ಫ್ಲ್ಯಾಟಿನ ವಾಯಿದೆಗೇಣಿ’ ಎಂಬುದನ್ನು ವಿವರಣೆಯಿಲ್ಲದೆ ಒಪ್ಪುವರೇ? ಮಂಗಳೂರು, ಉಡುಪಿಯವರಲ್ಲಿ ಇನ್ನೊಂದು ಕೋರಿಕೆ: ಹಳೆಯ ಗೇಣಿ ಚೀಟುಗಳಲ್ಲಿ ವಾಯಿದೆ ಮುಗಿಯುವ ಮೊದಲೇ ಅದನ್ನು ಹೆಚ್ಚಿಸಿಕೊಂಡ ಉಲ್ಲೇಖ ಕಂಡಿದ್ದರೆ, ಆ ವಾಕ್ಯವನ್ನು ಇದ್ದ ಹಾಗೆಯೇ ಬರೆದು ಕಳುಹಿಸಿ. ಅಲ್ಲಿ ಬಳಸಿದ ಕ್ರಿಯಾಪದ ನನಗೆ ಬೇಕಾಗಿದೆ.